ಮುಖ ನೋಡಿ ಹಚ್ಚಿದ ಬಣ್ಣ

ಕೆಳಮನೆಯ ದೊಡ್ಡಮ್ಮ ಅವತ್ತು ಬೆಳಿಗ್ಗೆ ನೀರಿನ ಮೋಟರ್ ಹಾಕಿದವರು ಆರಿಸುವುದನ್ನು ಮರೆತರು. ನಡೆದದ್ದು ಇಷ್ಟೇ. ಇದು ಹೊಸದೂ ಅಲ್ಲ. ತಾರಸಿಯ ಟ್ಯಾಂಕ್ ತುಂಬಿ ಉಕ್ಕುವುದು, ಯಾರಾದರೂ ಕಿಟಕಿಯಿಂದ ತಲೆ ಹಾಕಿ ಕೂಗುವುದು, ದೊಡ್ಡಮ್ಮ "ಗೊತ್ತಾಯ್ತು ಬಿಡಿ, ನಂಗೂ ಕಿವಿ ಇದೆ" ಎನ್ನುತ್ತ ಸ್ವಿಚ್ಚಿನ ಕಡೆ ನಡೆಯುವುದು ಆ ಕಟ್ಟಡದಲ್ಲಿ ಹಾಲಿನವನು ಬಂದುಹೋದಷ್ಟೇ ಮಾಮೂಲು. ಆದರೆ ಅವತ್ತು ಟ್ಯಾಂಕಿನ ಬುಡದಲ್ಲಿ, ಹಳೆಯ ಚಾಪೆಯೊಂದರ ಮೇಲೆ, ಬಣ್ಣ ಬಳಿದ ಕಲ್ಲುಗಳು ಒಣಗುತ್ತಿದ್ದವು.

ಕಲ್ಲುಗಳು ಮೂರನೇ ಮಹಡಿಯ ನಲ್ಲಿ ಇಂಜಿನಿಯರನವು. ಹುಡುಗ ಅಕ್ಕ-ಭಾವನ ಮನೆಯಲ್ಲಿದ್ದುಕೊಂಡು ಯೂನಿವರ್ಸಿಟಿಯಲ್ಲಿ ಕಡಲತೀರ ಮತ್ತು ಜಲ ಇಂಜಿನಿಯರಿಂಗ್ ಓದುತ್ತಿದ್ದ, ಕೊನೆಯ ವರ್ಷ. "ನೀರಿನ ಬಗ್ಗೆ ಓದ್ತಾನೆ" ಎಂದು ಅಕ್ಕ ಯಾವ ಗಳಿಗೆಯಲ್ಲಿ ಬಾಯಿ ಬಿಟ್ಟಳೋ, ಅಂದಿನಿಂದ ಆ ಕಟ್ಟಡದಲ್ಲಿ ಅವನು ಬಿಚ್ಚಿ ಜೋಡಿಸದ ನಲ್ಲಿ ಉಳಿದಿರಲಿಲ್ಲ. ಕಾಲೇಜಿನಲ್ಲಿ ನಲ್ಲಿಯ ಬಗ್ಗೆ ಒಂದೇ ಒಂದು ಪಾಠವೂ ಇಲ್ಲ ಎಂದು ಅವನು ಹೇಳಿನೋಡಿದ. ಅದಕ್ಕೆ ದೊಡ್ಡಮ್ಮ, ಹಾಗಾದರೆ ಇಲ್ಲೇ ಕಲಿತುಕೋ, ಇಲ್ಲಿ ಫೀಸೂ ಇಲ್ಲ ಎಂದಿದ್ದರು.

ಕಾಲೇಜಿನಲ್ಲಿ ಅವನಿಗಿದ್ದ ಹೆಸರು ಇನ್ನೂ ಚುಚ್ಚುವಂಥದ್ದು: ಬಾವಿಕಪ್ಪೆ. ಯಾಕೆಂದರೆ ಕಡಲತೀರದ ಇಂಜಿನಿಯರಿಂಗ್ ಓದುತ್ತಿದ್ದ ಆ ತರಗತಿಯಲ್ಲಿ ಕಡಲನ್ನೇ ನೋಡದವನು ಅವನೊಬ್ಬ. ಅಲೆಯ ಎತ್ತರ ಲೆಕ್ಕ ಹಾಕಬಲ್ಲ, ಅದು ದಡದಿಂದ ಎಷ್ಟು ದೂರದಲ್ಲಿ ಮುರಿಯುತ್ತದೆ ಎಂದು ಹೇಳಬಲ್ಲ, ಬಿರುಗಾಳಿಯ ದಿನ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಗೆರೆ ಎಳೆಯಬಲ್ಲ. ಅವನ ಕಾಲಿಗೆ ಮಾತ್ರ ಇದುವರೆಗೆ ಒಂದು ಅಲೆಯೂ ತಾಗಿರಲಿಲ್ಲ. ಎರಡನೇ ವರ್ಷ ಎಲ್ಲರನ್ನೂ ಬಂದರಿಗೆ ಕರೆದೊಯ್ದಾಗ ಇವನು ಸೀತಾಳೆ ಸಿಡುಬು ಎದ್ದು ಬೇವಿನೆಲೆಯ ಮೇಲೆ ಮಲಗಿದ್ದ. ಮೂರನೇ ವರ್ಷ ಬಸ್ಸು ಹೊರಡುವ ಬೆಳಿಗ್ಗೆಯೇ ಅಕ್ಕನಿಗೆ ಹೆರಿಗೆ ನೋವು ಶುರುವಾಯಿತು, ಭಾವ ಊರಲ್ಲಿರಲಿಲ್ಲ. ಸೋದರಳಿಯನ ಮುಖ ನೋಡಿ ಎಲ್ಲರೂ ಹಿಗ್ಗಿದರೆ ಇವನು ಆಸ್ಪತ್ರೆಯ ಕಿಟಕಿಯಿಂದ ರಸ್ತೆಯ ಬಸ್ಸುಗಳನ್ನು ನೋಡುತ್ತ ನಿಂತಿದ್ದ.

ಈಗ ಉಳಿದದ್ದು ಕೊನೆಯ ಪ್ರವಾಸ. ಅದು ಅವತ್ತೇ. ಪ್ರಯೋಗಶಾಲೆಯ ಬಾಗಿಲಿನಿಂದಲೇ ಬಸ್ಸು, ಸಂಜೆಗೆ ಸಮುದ್ರ. ಆದರೆ ಹತ್ತುವ ಮೊದಲು ಪಾಠ ಹೇಳುವ ಮೇಡಂ ಅವರ ಷರತ್ತು ಒಂದಿತ್ತು: ಪ್ರತಿಯೊಬ್ಬರೂ ಅಲೆ ತೊಟ್ಟಿಯಲ್ಲಿ ಪುಟ್ಟದೊಂದು ಅಲೆತಡೆ ಗೋಡೆ ಕಟ್ಟಬೇಕು, ಬಂದರಿನ ಮುಂದೆ ಕಲ್ಲು ಸುರಿದು ಕಟ್ಟುತ್ತಾರಲ್ಲ, ಅದರದೇ ಮರಿ. ಅದರ ಮೇಲೆ ಅಲೆ ಬಿಡುತ್ತಾರೆ. ಗೋಡೆ ನಿಂತರೆ ಬಸ್ಸಿನಲ್ಲಿ ಸೀಟು. ಬಿದ್ದರೆ ಉಳಿದುಕೊಂಡು ಮತ್ತೆ ಕಟ್ಟಬೇಕು. ಹಿಂದಿನ ದಿನ ಇಬ್ಬರ ಗೋಡೆ ನೆನೆದ ಬಿಸ್ಕತ್ತಿನ ಹಾಗೆ ಕುಸಿದಿತ್ತು. ಇವನ ಸರದಿ ಕೊನೆಯದು.

ಗೋಡೆಯ ಹೊಟ್ಟೆಯನ್ನು ಅವನು ಆಗಲೇ ತೊಟ್ಟಿಯಲ್ಲಿ ಕಟ್ಟಿಯಾಗಿತ್ತು. ಬಾಕಿಯಿದ್ದದ್ದು ಮೇಲಿನ ಎರಡು ಹೊದಿಕೆ. ಒಳಗಿನ ಹೊದಿಕೆಗೆ ಹಗುರ ಕಲ್ಲು, ಹೊರಗೆ ಅಲೆಗೆ ಎದೆ ಕೊಡುವುದಕ್ಕೆ ಭಾರದ ಕಲ್ಲು. ಕಣ್ಣಿಗೆ ಎಲ್ಲ ಒಂದೇ ಥರ. ತಕ್ಕಡಿಗೆ ಮಾತ್ರ ಬೇರೆ. ಅದಕ್ಕಾಗಿಯೇ ಒಂದೊಂದನ್ನೂ ತೂಗಿ, ಹಗುರದ್ದಕ್ಕೆ ಹಳದಿ, ಭಾರದ್ದಕ್ಕೆ ಕೆಂಪು ಬಳಿಯುತ್ತಾರೆ. ಎಣ್ಣೆ ಬಣ್ಣವಾದರೆ ತೊಟ್ಟಿಯ ನೀರಿನ ಮೇಲೆ ಪೊರೆ ಕಟ್ಟುತ್ತದೆಂದು ಅವನು ನೀರಿನಲ್ಲಿ ಕದಡುವ ಬಣ್ಣ ತಂದಿದ್ದ. ರಾತ್ರಿ ಆರಿದ್ದು ಬೆಳಗಿನ ಬಿಸಿಲಿಗೆ ಗಟ್ಟಿಯಾಗುತ್ತಿತ್ತು. ಟ್ಯಾಂಕ್ ಉಕ್ಕದೆ ಇದ್ದಿದ್ದರೆ.

ಅವನು ಎದ್ದು ಹಲ್ಲುಜ್ಜುತ್ತ ತಾರಸಿಗೆ ಬಂದಾಗ ಅಲ್ಲೊಂದು ಸಭೆಯೇ ನಡೆದಿತ್ತು. ತಾರಸಿ ಅಂಗೈ ಆಳದ ಕೆರೆ. ಅದರ ದಡದಲ್ಲಿ ದೊಡ್ಡಮ್ಮ ಕಾಲು ಚಾಚಿ ಕೂತಿದ್ದರು. ಎರಡನೇ ಮಹಡಿಯ ನಿವೃತ್ತ ಮೇಷ್ಟ್ರು ಪಂಚೆ ಎತ್ತಿ ಕಟ್ಟಿಕೊಂಡು ನೀರಿನಿಂದ ಕಲ್ಲು ಹೆಕ್ಕುತ್ತಿದ್ದರು. ಎದುರುಮನೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟ ಪಾರ್ಲರ್ ಅಕ್ಕ, ಉಗುರಿಗೆ ಹಚ್ಚುವ ಬಣ್ಣದ ಶೀಶೆಗಳನ್ನು ಸಾಲಾಗಿ ಇಟ್ಟುಕೊಂಡು, ಒಂದೊಂದು ಕಲ್ಲನ್ನೂ ಗಿರಾಕಿಯ ಕೈ ಹಿಡಿದ ಹಾಗೆ ಹಿಡಿದು ಬಳಿಯುತ್ತಿದ್ದಳು.

ಹುಡುಗನ ಬಾಯಿಂದ ಬ್ರಷ್ ಜಾರಿತು.

"ಗಾಬರಿ ಬೀಳ್ಬೇಡ ಮಗಾ," ದೊಡ್ಡಮ್ಮ ಅಂದರು. "ನನ್ನಿಂದ ಆದ ತಪ್ಪು, ನಾನೇ ಸರಿ ಮಾಡ್ಸಿದೀನಿ. ಒಂದು ಕಲ್ಲೂ ಕಳೆದಿಲ್ಲ. ಬಣ್ಣ ಸ್ವಲ್ಪ ಮಾಸಿತ್ತು ಅಂತ ಇವಳು ಮೇಲೊಂದು ಕೋಟ್ ಕೊಡ್ತಿದಾಳೆ."

ಕಲ್ಲುಗಳು ಹೊಸ ನಾಣ್ಯದ ಹಾಗೆ ಹೊಳೆಯುತ್ತಿದ್ದವು. ಕೆಂಪು ಒಂದು ಕಡೆ, ಹಳದಿ ಒಂದು ಕಡೆ, ಅಚ್ಚುಕಟ್ಟಾಗಿ ಎರಡು ಗುಡ್ಡೆ. ಮಾಸಿದ ಬಣ್ಣದ ಮೇಲೆ ಅದೇ ಬಣ್ಣ ಹಚ್ಚಿದ್ದಾರೆ ಎಂದುಕೊಂಡ ಹುಡುಗನಿಗೆ ಹೋದ ಜೀವ ಮರಳಿತು. ಅಷ್ಟೇ ಅಲ್ಲ, ಬೆಳಿಗ್ಗೆಯಿಂದ ತನಗಾಗಿ ನೀರಲ್ಲಿ ನಿಂತ ಮೇಷ್ಟ್ರ ಸುಕ್ಕುಗಟ್ಟಿದ ಪಾದಗಳನ್ನು ನೋಡಿ, ನಲ್ಲಿ ರಿಪೇರಿ ಮಾಡಿದ್ದೂ ವ್ಯರ್ಥವಾಗಲಿಲ್ಲ ಎಂದು ಮೊದಲ ಬಾರಿಗೆ ಅನಿಸಿತು.

ಅಷ್ಟು ಕಲ್ಲನ್ನು ಹೊತ್ತು ಸಿಟಿ ಬಸ್ಸು ಹತ್ತುವುದು ಸಾಧ್ಯವಿರಲಿಲ್ಲ. ಮೇಷ್ಟ್ರು ತಮ್ಮ ಕಾರು ತೆಗೆಯುತ್ತೇನೆಂದರು. ಅವರು ಪಾಠ ಹೇಳಿದ ಹಾಗೆಯೇ ಕಾರು ಓಡಿಸುವವರು: ನಿಧಾನವಾಗಿ, ಹಿಂದೆ ಬಿಟ್ಟದ್ದನ್ನು ಮತ್ತೆ ಮತ್ತೆ ತಿರುಗಿ ನೋಡುತ್ತ. ಕೊನೆಯ ಕೆಲವು ಕಲ್ಲು ಇನ್ನೂ ಹಸಿಯಿದ್ದುದರಿಂದ ಅವನ್ನು ಪೇಪರಿನ ಮೇಲೆ ಹರಡಿ ಮಡಿಲಲ್ಲಿಟ್ಟುಕೊಂಡು ಊದುವುದಕ್ಕೆ ಪಾರ್ಲರ್ ಅಕ್ಕ ಬೇಕಾಯಿತು. ದೊಡ್ಡಮ್ಮ ಯಾಕೆ ಬೇಕು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅವರು ಎಲ್ಲರಿಗಿಂತ ಮೊದಲೇ ಮುಂದಿನ ಸೀಟಿನಲ್ಲಿ ಕೂತಿದ್ದರು.

ಯೂನಿವರ್ಸಿಟಿಯ ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. ಕಾರಿನ ಹಿಂಭಾಗ ನೆಲಕ್ಕೆ ತಾಗುವಷ್ಟು ತಗ್ಗಿದೆ, ಒಳಗೊಬ್ಬ ಹೆಂಗಸು ಕೆಂಪು ಕಲ್ಲುಗಳಿಗೆ ಊದುತ್ತಿದ್ದಾಳೆ. ಯಾರಿಗಾದರೂ ಅನುಮಾನ ಬರುವಂಥದ್ದೇ. ಹುಡುಗ ಗುರುತಿನ ಚೀಟಿ ತೋರಿಸಿ ವಿವರಿಸಲು ಹೊರಟ. ದೊಡ್ಡಮ್ಮ ನಡುವೆ ಬಾಯಿ ಹಾಕಿ, ಇವನು ನೀರಿನ ಇಂಜಿನಿಯರ್, ದಾರಿ ಬಿಡಪ್ಪಾ, ಇವನಿಲ್ಲದಿದ್ದರೆ ನಮ್ಮ ಕಟ್ಟಡದಲ್ಲಿ ಒಂದು ನಲ್ಲಿಯೂ ಸರಿಯಿರುತ್ತಿರಲಿಲ್ಲ ಎಂದು ಹೊಗಳಿಬಿಟ್ಟರು. ಕಾವಲುಗಾರನ ಮುಖ ಅರಳಿತು. ತನ್ನ ಕೋಣೆಯ ಹಿಂದೆಯೇ ಒಂದು ನಲ್ಲಿ ಎಷ್ಟೋ ದಿನದಿಂದ ತೊಟ್ಟಿಕ್ಕುತ್ತಿದೆ ಎಂದ. ಬಸ್ಸು ಹತ್ತಬೇಕಾದ ದಿನ, ಕೈಗಡಿಯಾರ ನೋಡುತ್ತ, ನಮ್ಮ ಹುಡುಗ ಗೇಟಿನ ಹಿಂದೆ ಮೊಣಕಾಲೂರಿ ಕೂತು ನಲ್ಲಿಯ ಕತ್ತು ತಿರುವಿದ.

ಪ್ರಯೋಗಶಾಲೆಯ ಎದುರು ಬಸ್ಸು ಆಗಲೇ ನಿಂತಿತ್ತು. ಸಹಪಾಠಿಗಳು ಚೀಲಗಳನ್ನು ಮೇಲಕ್ಕೆ ಏರಿಸುತ್ತಿದ್ದರು. ಅವನ ಗೆಳೆಯ ಉದ್ದಣ್ಣ, ಬಸ್ಸಿನ ಒಳಗೆ ನಿಂತರೆ ಕತ್ತು ಬಗ್ಗಿಸಬೇಕಾದವನು, ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಕಿ ಇವನಿಗಾಗಿ ಹಿಡಿದಿಟ್ಟಿದ್ದ. "ಬೇಗ ಕಟ್ಟೋ ಕಪ್ಪೆ, ಸಮುದ್ರ ಎದ್ದು ಹೋಗೋದ್ರೊಳಗೆ," ಎಂದ.

ಒಳಗೆ ಕಾಲಿಡುತ್ತಲೇ ದೊಡ್ಡಮ್ಮನ ಮಾತು ನಿಂತಿತು. ಅದು ಅಷ್ಟು ಸುಲಭಕ್ಕೆ ನಿಲ್ಲುವಂಥದ್ದಲ್ಲ.

ಹೊರಗಿನಿಂದ ನೋಡಿದರೆ ತಗಡಿನ ಛಾವಣಿಯ ಗೋದಾಮು. ಒಳಗೆ ಆಟದ ಮೈದಾನದಷ್ಟು ಅಗಲದ ತೊಟ್ಟಿ. ಅದರ ಒಂದು ಕೊನೆಯಲ್ಲಿ ಗೋಡೆಯಿಂದ ಗೋಡೆಗೆ ಚಾಚಿದ ಉಕ್ಕಿನ ಹಲಗೆ. ಅದು ಹಿಂದೆ ಮುಂದೆ ಹೋದರೆ ಅಲೆ ಏಳುತ್ತದೆ. ಇನ್ನೊಂದು ಕೊನೆಯಲ್ಲಿ ಸಿಮೆಂಟಿನಲ್ಲಿ ಮಾಡಿದ ಪುಟಾಣಿ ದಡ, ಬೆಂಕಿಪೆಟ್ಟಿಗೆಯಷ್ಟಿರುವ ಉಗ್ರಾಣಗಳು, ಹೆಬ್ಬೆರಳುದ್ದದ ದೋಣಿಗಳು, ಒಂದು ದೀಪಸ್ತಂಭ. ಮೇಷ್ಟ್ರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಇಷ್ಟೆಲ್ಲ ಇಟ್ಟುಕೊಂಡು ಈ ಹುಡುಗ ನಮ್ಮ ನಲ್ಲಿಗಳಿಗೆ ದಾರ ಸುತ್ತುತ್ತಿದ್ದನಲ್ಲ ಎಂದು ಪಾರ್ಲರ್ ಅಕ್ಕ ಪಿಸುಗುಟ್ಟಿದಳು.

ತೊಟ್ಟಿಯ ಉಸ್ತುವಾರಿ ತೊಟ್ಟಿ ಅಣ್ಣನದು. ಅವನು ಕಲ್ಲೊಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದು ಮುಖ ಸಿಂಡರಿಸಿದ. ಪಾರ್ಲರಿನ ವಾಸನೆ ಬರುವ ಕಲ್ಲನ್ನು ತನ್ನ ನೀರಿಗೆ ಬಿಡುವುದಿಲ್ಲ ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ. ಪಾರ್ಲರ್ ಅಕ್ಕ ಸೊಂಟಕ್ಕೆ ಕೈಯಿಟ್ಟಳು. ತನ್ನ ಬಣ್ಣ ಹಚ್ಚಿಕೊಂಡ ಹೆಂಗಸರು ದಿನಾ ಪಾತ್ರೆ ತೊಳೆಯುತ್ತಾರೆ, ಬಟ್ಟೆ ಒಗೆಯುತ್ತಾರೆ, ಮಕ್ಕಳಿಗೆ ಸ್ನಾನ ಮಾಡಿಸುತ್ತಾರೆ, ಯಾರ ಬಕೆಟ್ಟಿನಲ್ಲಿ ಪೊರೆ ಕಟ್ಟಿದೆ ತೋರಿಸಲಿ ಎಂದಳು. ಒಂದು ಮಗ್ಗಿನಲ್ಲಿ ಕಲ್ಲನ್ನು ಮುಳುಗಿಸಿ, ಇಬ್ಬರೂ ತಲೆಗೆ ತಲೆ ತಾಗಿಸಿ ಬಹಳ ಹೊತ್ತು ನೋಡಿದರು. ಪೊರೆ ಕಟ್ಟಲಿಲ್ಲ. ಅಣ್ಣ ಮಗ್ಗು ಕೆಳಗಿಟ್ಟು ದಾರಿ ಬಿಟ್ಟ.

ಹುಡುಗ ಒಣತೊಟ್ಟಿಗೆ ಇಳಿದು ಕಲ್ಲು ಜೋಡಿಸತೊಡಗಿದ. ಮೇಷ್ಟ್ರು ಹಳದಿ ಕೊಟ್ಟರೆ ಹಳದಿ, ಕೆಂಪು ಕೊಟ್ಟರೆ ಕೆಂಪು. ಅವನ ಬೆರಳು ಎಷ್ಟು ಆತುರದಲ್ಲಿತ್ತೆಂದರೆ ಯಾವುದು ಭಾರ ಯಾವುದು ಹಗುರ ಎಂದು ತೂಗುವ ವ್ಯವಧಾನ ಅದಕ್ಕಿರಲಿಲ್ಲ. ಬಣ್ಣವನ್ನು ನಂಬಿದ. ಕೊನೆಯ ಕೆಂಪು ಕಲ್ಲು ಕೂತಾಗ ಗೋಡೆ ದಡದ ಮುಂದೆ ಬಾಗಿದ ತೋಳಿನ ಹಾಗೆ ಮಲಗಿತ್ತು. ಅವನು ಮೇಲೆ ಹತ್ತಿ ಬಂದ. ಅಣ್ಣ ಗಾಲಿ ತಿರುವಿ ನೀರು ಬಿಟ್ಟ.

ನೀರು ತುಂಬಿದ ಮೇಲೆ ಕಾಯಬೇಕು. ಆ ತೊಟ್ಟಿಯ ಕಟ್ಟುಪಾಡು ಅದು: ನೀರು ಮಲಗುವವರೆಗೆ ಯಾರೂ ಅಂಚಿಗೆ ಒರಗಬಾರದು, ಕಾಲು ಅಪ್ಪಳಿಸಬಾರದು, ದನಿ ಎತ್ತಬಾರದು. ಒಂದು ಅಲುಗಾಟ ಉಳಿದರೂ ಅದು ಗೋಡೆಯಿಂದ ಗೋಡೆಗೆ ಓಡಾಡಿ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಮೇಡಂ ಕೂಡ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಮಗು ಮಲಗಿದ ಕೋಣೆಗೆ ಬರುವ ಹಾಗೆ ಬಂದರು. ವಿದ್ಯಾರ್ಥಿಗಳು ಅವರನ್ನು ಉಬ್ಬರ ಎನ್ನುತ್ತಿದ್ದರು. ಹುಮ್ಮಸ್ಸು ಏರಿತೆಂದರೆ ಎದುರಿಗಿದ್ದವರೆಲ್ಲ ಅದರಲ್ಲಿ ತೇಲಿಹೋಗಬೇಕು.

ನೀರು ನಿಧಾನವಾಗಿ ಮಲಗಿತು. ಮೊದಲು ನೀರಿನ ಮೇಲೆ ಛಾವಣಿಯ ತಗಡುಗಳು ಮೂಡಿದವು, ಆಮೇಲೆ ತಗಡಿನ ಮೊಳೆಗಳು, ಕೊನೆಗೆ ಒಂದು ಮೊಳೆಗೆ ನೇತುಬಿದ್ದ ಜೇಡವೂ ಕಾಣಿಸಿತು. ಅಷ್ಟು ಜನ ಉಸಿರು ಹಿಡಿದು ನಿಂತಿದ್ದರು. ಅಂಥ ಮೌನದಲ್ಲಿ ಮೇಷ್ಟ್ರು ಹುಡುಗನ ಕಿವಿಗೆ ಬಾಯಿ ತಂದರು.

"ಬಣ್ಣ ಚೆನ್ನಾಗಿ ಎದ್ದು ಕಾಣ್ತಿದೆ ಕಣಪ್ಪ. ದೊಡ್ಡಮ್ಮನ ಆಯ್ಕೆ ಅಂದ್ರೆ ಆಯ್ಕೆ."

ಹುಡುಗ ಅರ್ಥವಾಗದೆ ಅವರ ಮುಖ ನೋಡಿದ.

"ಮತ್ತೆ? ನಿನ್ನ ಬಣ್ಣ ಎಲ್ಲ ತೊಳೆದುಹೋಗಿತ್ತಲ್ಲ. ಒಂದರ ಮೇಲೂ ಏನೂ ಉಳಿದಿರಲಿಲ್ಲ. ಯಾವುದಕ್ಕೆ ಯಾವ ಬಣ್ಣ ಅಂತ ಯಾರಿಗೆ ಗೊತ್ತು."

"ಮತ್ತೆ ಹೇಗೆ ಹಚ್ಚಿದ್ರಿ?"

ಉತ್ತರ ಬಂದದ್ದು ಇನ್ನೊಂದು ಕಿವಿಗೆ. ದೊಡ್ಡಮ್ಮ ಅಷ್ಟೇ ಮೆಲ್ಲಗೆ, ಅಷ್ಟೇ ಹೆಮ್ಮೆಯಿಂದ ಅಂದರು: "ಮುಖ ನೋಡಿ ಹಚ್ಚಿದ್ವಿ. ಒಂದೊಂದು ಕಲ್ಲನ್ನೂ ತಿರುಗಿಸಿ ನೋಡಿ, ಇದಕ್ಕೆ ಕೆಂಪು ಒಪ್ಪುತ್ತೆ, ಇದು ಹಳದಿಗೇ ಲಾಯಕ್ಕು ಅಂತ. ನಿನ್ನ ಮಾಸಿದ ಬಣ್ಣಕ್ಕಿಂತ ಸಾವಿರ ಪಾಲು ಮೇಲು."

ಹುಡುಗ ನೀರಿನೊಳಗಿನ ಗೋಡೆಯ ಕಡೆ ತಿರುಗಿದ. ಭಾರದ ಕಲ್ಲು ಒಳಗೆ ಸೇರಿದೆ, ಹಗುರದ್ದು ಹೊರಗೆ ಅಲೆಗೆ ಮುಖ ಮಾಡಿ ನಿಂತಿದೆ, ಎಲ್ಲಿ ಯಾವುದಿದೆಯೋ ಬ್ರಹ್ಮನಿಗೂ ಗೊತ್ತಿಲ್ಲ. ಗೋಡೆ ಮೂರನೇ ಅಲೆಗೆ ಹೋಗುತ್ತದೆ. ಅದರ ಜೊತೆಗೆ ಕಿಟಕಿ ಪಕ್ಕದ ಸೀಟು. ಕೂಗಿ ನಿಲ್ಲಿಸಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ತೊಟ್ಟಿ ಅಣ್ಣ ಬೆರಳು ತುಟಿಗಿಟ್ಟು, "ಮಲಗ್ತು," ಎಂದ. ಮೇಡಂ ತಲೆಯಾಡಿಸಿದರು.

ಉಕ್ಕಿನ ಹಲಗೆ ಮುಂದಕ್ಕೆ ಬಾಗಿತು.

ಮೊದಲ ಅಲೆ ಏಳುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಆದರೂ ಪ್ರತಿಸಲ ಅವನ ಮೈ ಜುಮ್ಮೆನ್ನುತ್ತಿತ್ತು. ಮಲಗಿದ್ದ ನೀರು ಮಗ್ಗುಲು ಬದಲಿಸಿದಂತೆ ಇಡೀ ತೊಟ್ಟಿಯ ಅಗಲಕ್ಕೂ ಒಂದೇ ಗೆರೆ ಎದ್ದಿತು. ಸದ್ದಿಲ್ಲ, ನೊರೆಯಿಲ್ಲ, ಗಾಜಿನ ಕೆಳಗೆ ಯಾರೋ ಒಂದು ಕೋಲನ್ನು ಉರುಳಿಸಿಕೊಂಡು ಬರುತ್ತಿರುವ ಹಾಗೆ. ಛಾವಣಿಯ ತಗಡುಗಳನ್ನು ಒಂದೊಂದಾಗಿ ಮಡಿಚಿ ಬಿಚ್ಚುತ್ತ ಅದು ಬಂತು. ಇಲ್ಲಿ ಒಂದು ಗೇಣಿನ ಅಲೆ ಎಂದರೆ ನಿಜವಾದ ಬಂದರಿನಲ್ಲಿ ಎರಡಾಳೆತ್ತರ. ದಡ ಹತ್ತಿರವಾಗುತ್ತಿದ್ದಂತೆ ಅದು ಎದೆ ಎತ್ತಿತು, ತುದಿ ತೆಳುವಾಗಿ ಹಸಿರಾಯಿತು, ಒಂದು ಕ್ಷಣ ನಿಂತೇ ಬಿಟ್ಟಿತೇನೋ ಎನ್ನಿಸಿ, ಗೋಡೆಯ ಮೇಲೆ ಬಿತ್ತು. ದೊಡ್ಡಮ್ಮ ಮೇಷ್ಟ್ರ ತೋಳು ಹಿಡಿದುಕೊಂಡರು. ಆ ಕಟ್ಟಡದಲ್ಲಿ ಅವರಿಬ್ಬರೂ ಮಾತಾಡುವುದೇ ಜಗಳಕ್ಕೆ.

ಎರಡನೇ ಅಲೆಗೆ ಹಗುರ ಕಲ್ಲುಗಳು ಹೊರಳಿದವು. ಮೂರನೆಯದಕ್ಕೆ ಗೋಡೆಯ ಭುಜ ಜಾರಿತು. ಕೆಂಪೂ ಹಳದಿಯೂ ಕಲಸಿಹೋಗಿ ಇಳಿಜಾರಿನಲ್ಲಿ ಉರುಳುವ ಸದ್ದು ನೀರಿನೊಳಗಿಂದ ಕೇಳಿಸಿತು, ಬಾಯಲ್ಲಿ ಕಲ್ಲುಸಕ್ಕರೆ ಕಡಿದ ಹಾಗೆ. ಹುಡುಗ ಕಣ್ಣು ಮುಚ್ಚಿಕೊಂಡ. ಅಲೆಗಳು ಬರುತ್ತಲೇ ಇದ್ದವು. ಒಂದೊಂದು ಏಟನ್ನೂ ಅವನು ಬೆರಳ ಮೇಲೆ ಎಣಿಸುತ್ತಿದ್ದ.

ಬಹಳ ಹೊತ್ತಾದರೂ ಯಾರೂ ಅಯ್ಯೋ ಅನ್ನಲಿಲ್ಲ. ಕಣ್ಣು ತೆರೆದ.

ಗೋಡೆ ಬಿದ್ದಿರಲಿಲ್ಲ. ಅವನು ಕಟ್ಟಿದ ಗೋಡೆಯೂ ಅದಾಗಿರಲಿಲ್ಲ. ನೆಟ್ಟಗಿದ್ದ ಇಳಿಜಾರು ಕೆಳಗಿಳಿದು, ನೀರಿನ ಮಟ್ಟದಲ್ಲಿ ಉದ್ದಕ್ಕೆ ಚಾಚಿಕೊಂಡು, ಮತ್ತೆ ಕಡಿದಾಗಿ ಇಳಿದಿತ್ತು. ಹಂಸದ ಕತ್ತಿನಂಥ ಬಾಗು. ಉರುಳಿದ ಹಗುರ ಕಲ್ಲುಗಳು ಭಾರದ ಕಲ್ಲುಗಳ ಸಂದಿಯಲ್ಲಿ ಹೋಗಿ ಸಿಕ್ಕಿಕೊಂಡಿದ್ದವು. ಅಲೆ ಬರುತ್ತಿತ್ತು, ಆ ಬಾಗಿನ ಮೇಲೆ ಕಾಲು ಚಾಚಿ ಸುಸ್ತಾಗುತ್ತಿತ್ತು, ನಿಟ್ಟುಸಿರು ಬಿಟ್ಟು ಹಿಂದೆ ಸರಿಯುತ್ತಿತ್ತು. ಒಂದು ಕಲ್ಲೂ ಅಲುಗುತ್ತಿರಲಿಲ್ಲ. ಮೇಡಂ ಕೈ ಎತ್ತಿ ಹಲಗೆಯ ವೇಗ ಹೆಚ್ಚಿಸಲು ಹೇಳಿದರು. ಇನ್ನೂ ದೊಡ್ಡ ಅಲೆ ಬಂತು. ಗೋಡೆ ಅದನ್ನೂ ಕೂರಿಸಿ ಸಮಾಧಾನ ಮಾಡಿ ಕಳಿಸಿತು. ಗೋಡೆಯ ಹಿಂದೆ ಹೆಬ್ಬೆರಳುದ್ದದ ದೋಣಿಗಳು ತೂಕಡಿಸುತ್ತಿದ್ದವು.

ಹಲಗೆ ನಿಂತ ಮೇಲೆ ಮೇಡಂ ಅಂಚಿನ ಬಳಿ ಮೊಣಕಾಲೂರಿ ಕೂತರು. ಅವರ ಮುಖ ನೋಡಿದರೆ ಪಾಠ ಹೇಳುವವರ ಹಾಗೆ ಕಾಣುತ್ತಿರಲಿಲ್ಲ; ಮೊದಲ ಬೆಂಚಿನ ಹುಡುಗಿಯ ಹಾಗಿತ್ತು.

"ನಾವು ಕಟ್ಟಿದ ಇಳಿಜಾರು ಅದಕ್ಕೆ ಬೇಡವಾಗಿತ್ತು. ತನಗೆ ಬೇಕಾದ್ದನ್ನ ತಾನೇ ಬರ್ಕೊಂಡಿದೆ ನೋಡು," ಎಂದರು, ಯಾರಿಗೆಂದು ಹೇಳದೆ. ಆಮೇಲೆ ಅವನ ಕಡೆ ತಿರುಗಿದರು. "ಇದನ್ನ ನಿಂಗೆ ಯಾರು ಹೇಳಿಕೊಟ್ರು?"

ಗೋಡೆ ನಿಂತಿದೆ, ಸೀಟು ಸಿಕ್ಕಿದೆ, ಇಷ್ಟು ಮಾತ್ರ ಹುಡುಗನ ತಲೆಯಲ್ಲಿ ಗಂಟೆ ಹೊಡೆಯುತ್ತಿತ್ತು. ಪೆದ್ದುಪೆದ್ದಾಗಿ ನಕ್ಕ. ಮೇಡಂ ಅದನ್ನು ವಿನಯ ಎಂದುಕೊಂಡರು. ಉಬ್ಬರ ಏರಿತು. ನಾಳೆ ಬಂದರಿನ ಮಂಡಳಿಯವರು ತೊಟ್ಟಿ ನೋಡಲು ಬರುತ್ತಿದ್ದಾರೆ, ಅವರಿಗೆ ಹಳೆಯದನ್ನೇ ತೋರಿಸುವುದೆಂದಿದ್ದೆ, ಈಗ ಇದನ್ನು ಬಿಟ್ಟು ಬೇರೆ ಏನು ತೋರಿಸಲಿ, ಇಲ್ಲಿ ನಿಂತು ವಿವರಿಸುವುದಕ್ಕೆ ಇದನ್ನು ಕಟ್ಟಿದವನೇ ಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿದರು.

"ನಾಳೆ ನಾನು ಸಮುದ್ರದ ಹತ್ರ ಇರ್ತೀನಲ್ಲ ಮೇಡಂ."

"ನೀನು ಇಲ್ಲೇ ಇರ್ತೀಯ. ಸಮುದ್ರ ಎಲ್ಲಿಗೂ ಹೋಗಲ್ಲ."

ಹೊರಗೆ ಚಾಲಕ ಬಸ್ಸು ಸ್ಟಾರ್ಟ್ ಮಾಡಿ ನೋಡುತ್ತಿದ್ದ. ಆ ಸದ್ದು ಕೇಳಿದ್ದೇ ಹುಡುಗನಿಗೆ ಎಲ್ಲಿಲ್ಲದ ಪ್ರಾಮಾಣಿಕತೆ ಉಕ್ಕಿ ಬಂತು. ಟ್ಯಾಂಕ್ ಉಕ್ಕಿದ್ದು, ಬಣ್ಣ ತೊಳೆದದ್ದು, ಮುಖ ನೋಡಿ ಬಣ್ಣ ಹಚ್ಚಿದ್ದು, ಯಾವ ಕಲ್ಲು ಎಲ್ಲಿದೆ ಎಂದು ತನಗೇ ಗೊತ್ತಿಲ್ಲದಿರುವುದು, ಎಲ್ಲವನ್ನೂ ಒಪ್ಪಿಸಿದ. ಇದು ನನ್ನದಲ್ಲ ಮೇಡಂ, ಕಾಕತಾಳೀಯ, ಮಂಡಳಿಯವರಿಗೆ ಇದನ್ನು ತೋರಿಸುವುದು ಸರಿಯಲ್ಲ ಎಂದು ಮುಗಿಸಿದಾಗ ಅವನ ದನಿಯಲ್ಲಿ ತ್ಯಾಗಿಯ ಕಳೆಯಿತ್ತು.

ಮೇಡಂ ಅವನನ್ನು ನೋಡಿದರು, ದೊಡ್ಡಮ್ಮನನ್ನು ನೋಡಿದರು, ತೊಟ್ಟಿಯನ್ನು ನೋಡಿದರು. ಅವರು ನಿಧಾನವಾಗಿ ಎದ್ದು ನಿಂತರು.

"ಹಾಗಾದ್ರೆ ಮಂಡಳಿಯವರು ಆಮೇಲೆ ಬರಲಿ, ನಾನು ಹೇಳ್ತೀನಿ. ನೀನು ಇಂದಿನಿಂದಲೇ ನೀರು ಇಳಿಸಿ ಒಂದೊಂದೇ ಕಲ್ಲು ತೆಗಿ. ಯಾವುದು ಎಲ್ಲಿ ಕೂತಿತ್ತು, ಎಷ್ಟು ಭಾರ, ಯಾವುದರ ಪಕ್ಕ ಯಾವುದು, ಎಲ್ಲಾ ಬರೀಬೇಕು. ನಿನ್ನದಾಗಿದ್ರೆ ತೋರಿಸೋದಕ್ಕೆ ಇರ್ಬೇಕಿತ್ತು. ನಿನ್ನದಲ್ಲ ಅಂದ್ರೆ ಕಂಡುಹಿಡಿಯೋದಕ್ಕೆ ಇರ್ಬೇಕು."

ಅದರಲ್ಲಿ ತಪ್ಪು ಹುಡುಕಲು ಹುಡುಗ ಬಹಳ ಯತ್ನಿಸಿದ. ಎಲ್ಲಿಂದ ಹಿಡಿದರೂ ಬಸ್ಸು ಕೈಗೆ ಸಿಗುತ್ತಿರಲಿಲ್ಲ. ಬಾಗಿಲಲ್ಲಿ ಇಣುಕಿದ ಉದ್ದಣ್ಣ ಅವನ ಮುಖ ನೋಡಿಯೇ ಹೋಗಿ ಟವೆಲ್ ಎತ್ತಿಕೊಂಡ.

ಉಬ್ಬರ ಇನ್ನೂ ಇಳಿದಿರಲಿಲ್ಲ. ಮೇಡಂ ದೊಡ್ಡಮ್ಮನ ಕೈ ಹಿಡಿದುಕೊಂಡರು. ಕಲ್ಲಿನ ಮುಖ ನೋಡುವುದು ಹೇಗೆ, ಯಾವ ಮುಖಕ್ಕೆ ಯಾವ ಬಣ್ಣ, ಎಂದು ವಿಚಾರಿಸಿದರು. ದೊಡ್ಡಮ್ಮ ಅದನ್ನು ವಿವರಿಸಿ ಹೇಳುವುದು ಕಷ್ಟ, ನೋಡಿದರೆ ಗೊತ್ತಾಗುತ್ತದೆ ಎಂದರು. ಎಷ್ಟು ಶ್ರಮ ಪಟ್ಟಿದ್ದೀರಿ, ನೀವು ಮೂವರೂ ಸಮುದ್ರ ನೋಡಿದ್ದೀರಾ ಎಂದು ಮೇಡಂ ಕೇಳಿದರು. ಮೂವರೂ ತಲೆಯಾಡಿಸಿದರು, ಇಲ್ಲ. ನಿನ್ನೆ ಗೋಡೆ ಬಿದ್ದ ಇಬ್ಬರದು ಎರಡು, ಇವನದೊಂದು, ಬಸ್ಸಿನಲ್ಲಿ ಸರಿಯಾಗಿ ಮೂರು ಸೀಟು ಖಾಲಿ ಇದ್ದವು.

ದೊಡ್ಡಮ್ಮ ಬೇಡ ಬೇಡ ಎನ್ನುತ್ತಲೇ ಮೆಟ್ಟಿಲು ಹತ್ತಿದರು. ಪಾರ್ಲರ್ ಅಕ್ಕ ಕಿಟಕಿಯ ಗಾಜಿನಲ್ಲಿ ತಲೆ ಸರಿ ಮಾಡಿಕೊಂಡಳು. ಮೇಷ್ಟ್ರು ಕಾರಿನ ಕೀಲಿ ಹುಡುಗನ ಕೈಗಿಟ್ಟು, ಗೇಟಿನ ಹತ್ತಿರ ಒಂದು ಗುಂಡಿಯಿದೆ, ಎಡಕ್ಕೆ ತಗೋ ಎಂದರು. ಕಿಟಕಿ ಪಕ್ಕದ ಆ ಸೀಟಿನಿಂದ ದೊಡ್ಡಮ್ಮ ತಲೆ ಹೊರಹಾಕಿ, "ಬೇಜಾರು ಮಾಡ್ಕೋಬೇಡ ಮಗಾ. ಚೆನ್ನಾಗಿ ನೋಡ್ಕೊಂಡು ಬಂದು ಹೇಗಿದೆ ಅಂತ ಹೇಳ್ತೀನಿ," ಎಂದರು. ಬಸ್ಸು ಹೊರಟಿತು. ಹೊಗೆ ಕರಗುವವರೆಗೆ ಹುಡುಗ ಅಲ್ಲೇ ನಿಂತಿದ್ದ.

ಸಂಜೆಯ ಹೊತ್ತಿಗೆ ಅವನು ಒಣಗಿದ ತೊಟ್ಟಿಯ ನಡುವೆ ತಕ್ಕಡಿ ಇಟ್ಟುಕೊಂಡು ಕೂತಿದ್ದ. ಗೋಡೆಯ ಆ ಬಾಗನ್ನು ಕದಡಲು ಮನಸ್ಸೇ ಬರುತ್ತಿರಲಿಲ್ಲ. ಒಂದು ಕಲ್ಲು ತೆಗೆಯುವ ಮೊದಲು ಅದರ ಸುತ್ತ ಬೆರಳಾಡಿಸುತ್ತಿದ್ದ: ಒಂದು ಇನ್ನೊಂದರ ಬೆನ್ನಿಗೆ ಬೆನ್ನು ಕೊಟ್ಟು, ಮೂರನೆಯದರ ಮಂಡಿಗೆ ಮಂಡಿ ಊರಿ, ಹಳೆಯ ನೆಂಟರ ಹಾಗೆ ಕೂತಿದ್ದವು. ಇದನ್ನು ಅವನು ಜೋಡಿಸಿರಲಿಲ್ಲ, ದೊಡ್ಡಮ್ಮನೂ ಜೋಡಿಸಿರಲಿಲ್ಲ. ನೀರು ಜೋಡಿಸಿತ್ತು. ಅದು ನೆನಪಾದಾಗಲೆಲ್ಲ ಅವನ ಕೈ ನಿಂತುಬಿಡುತ್ತಿತ್ತು.

ಆಗ ಫೋನ್ ಹೊಡೆದುಕೊಂಡಿತು. ಮೊದಲು ಮೇಷ್ಟ್ರು. ಅಲೆ ಎಂದರೆ ನೀನು ತಿಳಿದ ಹಾಗಲ್ಲ, ಪುಸ್ತಕದಿಂದ ಅದು ತಿಳಿಯುವ ವಸ್ತುವಲ್ಲ, ನಾನು ಬಂದ ಮೇಲೆ ಕೂರಿಸಿಕೊಂಡು ಮೊದಲಿನಿಂದ ಹೇಳಿಕೊಡುತ್ತೇನೆ ಎಂದರು. ಪಾರ್ಲರ್ ಅಕ್ಕ ಫೋನ್ ಕಸಿದು, ಕಾಲಿಗೆ ತಾಗಿತು ತಮ್ಮಾ, ಬೆಚ್ಚಗಿದೆ, ನೀರು ಬೆಚ್ಚಗಿರುತ್ತೆ ಅಂತ ನೀನು ಯಾಕೆ ಹೇಳಲಿಲ್ಲ ಎಂದಳು. ಕೊನೆಗೆ ದೊಡ್ಡಮ್ಮನ ಕೈಗೆ ಬಂತು. ಅವರು ಎಂದಿನಂತೆ ಗಟ್ಟಿಯಾಗಿ ಶುರು ಮಾಡಿದರು.

"ಏನಿಲ್ಲ ಕಣೋ, ನೀನು ತಪ್ಪಿಸ್ಕೊಂಡಿದ್ದು ಅಂಥದ್ದೇನಿಲ್ಲ. ನಿಮ್ಮ ತೊಟ್ಟಿ ಥರಾನೇ ಇದೆ. ಅದೇ ಅಲೆ, ಅದೇ ಕಲ್ಲು, ದೋಣಿ ಸ್ವಲ್ಪ ದೊಡ್ಡದು."

"ಹೌದಾ ದೊಡ್ಡಮ್ಮ?"

ಕಿವಿಯಲ್ಲಿ ಏನೋ ದೊಡ್ಡದು ಉಸಿರೆಳೆದು ಬಿಡುತ್ತಿತ್ತು. ಫೋನ್ ಕಟ್ಟಾಯಿತೇನೋ ಎಂದು ಅವನು ಪರದೆ ನೋಡಿದ. ಕಟ್ಟಾಗಿರಲಿಲ್ಲ. ಮತ್ತೆ ಕಿವಿಗಿಟ್ಟಾಗ ದೊಡ್ಡಮ್ಮ ಪಿಸುಗುಟ್ಟುತ್ತಿದ್ದರು. ಅಲ್ಲಿಯೂ ನೀರು ಮಲಗಿದೆಯೇನೋ, ಎಬ್ಬಿಸಬಾರದೇನೋ ಎನ್ನುವ ಹಾಗೆ.

"ಆದ್ರೆ ಮಗಾ, ಆ ಕಡೆ ಗೋಡೆ ಇಲ್ಲ."